ಕನ್ನಡಕದೊಳಗಿನ ಮೇಷ್ಟ್ರು



ಲೆಕ್ಕ, ಭೂಗೋಳ, ಇಂಗ್ಲಿಷು ಇವನ್ನೆಲ್ಲ ಕಂಪ್ಯೂಟರ್ ಕಲಿಸುವುದನ್ನು ನಾವು ಒಪ್ಪಿಕೊಂಡಾಗಿದೆ. ಆದರೆ ಕೈಕೆಲಸದ ಮಾತೇನು? ವೆಲ್ಡಿಂಗ್, ವೈರಿಂಗ್, ಹೊಲಿಗೆ, ಅಡುಗೆ ಇವನ್ನೂ ಯಂತ್ರ ಕಲಿಸಬಲ್ಲದೇ? ಇಂದು ಈ ವಿಷಯವಾಗಿ ನಿಮ್ಮೊಂದಿಗೆ ನಾಲ್ಕು ಮಾತು.

ಮುಂಬಯಿ ಕನ್ನಡಿಗರಿಗೆ ಇದು ದೂರದ ಪ್ರಶ್ನೆಯಲ್ಲ. ಊರಿನಿಂದ ಬಂದ ನಮ್ಮ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದವರು. ಅಕ್ಷರವನ್ನು ಶಾಲೆ ಕಲಿಸಿತು. ದೋಸೆ ಹೊಯ್ಯುವುದನ್ನು ಕಲಿಸಿದವರು ಮಾತ್ರ ಅಡುಗೆ ಭಟ್ಟರು. ಕಾವಲಿಗೆ ನೀರು ಚಿಮುಕಿಸಿ, ಅದರ ಸದ್ದಿನಿಂದಲೇ ಕಾವು ತಿಳಿಯುವುದನ್ನು ಹುಡುಗ ಅವರ ಪಕ್ಕದಲ್ಲಿ ನಿಂತು, ನೋಡಿ, ಬೈಸಿಕೊಂಡು ಕಲಿತ.

ಈಗ ಆ ಪಕ್ಕದ ಜಾಗಕ್ಕೆ ಹೊಸಬರೊಬ್ಬರು ಬಂದಿದ್ದಾರೆ. ಹೆಸರು ಆಗ್ಮೆಂಟೆಡ್ ರಿಯಾಲಿಟಿ. ಕನ್ನಡದಲ್ಲಿ ವರ್ಧಿತ ವಾಸ್ತವ ಎನ್ನುತ್ತಾರೆ. ವಿಶೇಷ ಕನ್ನಡಕ ಹಾಕಿಕೊಂಡರೆ ನಿಮ್ಮ ಮುಂದಿನ ಮೇಜು, ಯಂತ್ರ, ನಿಮ್ಮದೇ ಕೈ ಎಲ್ಲವೂ ಕಾಣುತ್ತವೆ. ಅವುಗಳ ಮೇಲೆಯೇ ಬಾಣದ ಗುರುತು, ಗೆರೆ, ಸೂಚನೆ ಮೂಡುತ್ತವೆ. ಈ ಹೆಸರು ಹುಟ್ಟಿದ್ದೇ ಕೈಕೆಲಸದಿಂದ. 1990ರ ದಶಕದ ಆರಂಭದಲ್ಲಿ ಅಮೆರಿಕದ ಬೋಯಿಂಗ್ ವಿಮಾನ ಕಂಪೆನಿಯ ಟಾಮ್ ಕಾಡೆಲ್ ಮತ್ತು ಡೇವಿಡ್ ಮಿಜೆಲ್ ಎಂಬ ಇಬ್ಬರು, ವಿಮಾನದ ತಂತಿಗಳನ್ನು ಜೋಡಿಸುವ ಕೆಲಸಗಾರರಿಗೆ ಯಾವ ತಂತಿ ಎಲ್ಲಿಗೆ ಎಂಬುದನ್ನು ಕಣ್ಣೆದುರೇ ತೋರಿಸಲು ಇದನ್ನು ಯೋಚಿಸಿದರು.

ಇಂದು ಇದು ಚೆನ್ನಾಗಿ ಹೊಂದುವ ಒಂದು ವಿದ್ಯೆ ವೆಲ್ಡಿಂಗ್. ನಮ್ಮ ಮಜಗಾಂವ್ ಡಾಕ್‌ನಲ್ಲಿ ಕಟ್ಟುವ ಹಡಗಿನ ಒಡಲೆಂದರೆ ಬೆಸೆದ ಉಕ್ಕಿನ ಹಾಳೆಗಳೇ ತಾನೇ? ಕಲಿಯುವವನು ಮೂರು ಸಂಗತಿಗಳನ್ನು ಒಟ್ಟಿಗೇ ಸಂಭಾಳಿಸಬೇಕು: ರಾಡಿನ ಓರೆ, ಲೋಹದಿಂದ ಅದರ ಅಂತರ, ಕೈ ಸಾಗುವ ವೇಗ. ಬೇಗ ಸಾಗಿದರೆ ಬೆಸುಗೆ ತೆಳ್ಳಗಾಗುತ್ತದೆ. ತಡವಾದರೆ ಹಾಳೆ ತೂತಾಗುತ್ತದೆ. ಸ್ಪೇನ್ ದೇಶದ ಸೀಬೆರಿ ಕಂಪೆನಿಯ ಸೋಲ್ಡಾಮ್ಯಾಟಿಕ್ ಎಂಬ ಯಂತ್ರದಲ್ಲಿ ಹುಡುಗ ನಿಜವಾದ ಟಾರ್ಚನ್ನೇ ಹಿಡಿಯುತ್ತಾನೆ. ಆದರೆ ಕಿಡಿ ಮತ್ತು ಬೆಸುಗೆ ಹೆಲ್ಮೆಟ್ಟಿನೊಳಗಿನ ಪರದೆಯಲ್ಲಿ ಮಾತ್ರ. ಓರೆ ತಪ್ಪಿದರೆ ಸೂಚನೆ ಬರುತ್ತದೆ, ಕೊನೆಗೆ ಅಂಕವೂ ಸಿಗುತ್ತದೆ. ನಮ್ಮ ದೇಶದಲ್ಲಿಯೂ ಐಐಟಿ ಮದ್ರಾಸಿನ ಆಸರೆಯಲ್ಲಿ ಬೆಳೆದ ಸ್ಕಿಲ್‌ವೇರಿ ಸಂಸ್ಥೆ ವೆಲ್ಡಿಂಗ್ ಅಭ್ಯಾಸದ ಸಿಮ್ಯುಲೇಟರ್ ತಯಾರಿಸಿದೆ.

ಲಾಭವೇನು? ರಾಡು, ಲೋಹ, ಗ್ಯಾಸು ಉಳಿಯುತ್ತವೆ. ಕೈ ಸುಡುವ, ಕಣ್ಣು ಉರಿಯುವ ಭಯವಿಲ್ಲ. ಮೂವತ್ತು ಸಲ ತಪ್ಪಿದರೂ ಯಾರೂ ಗದರುವುದಿಲ್ಲ. ನಾಚಿಕೆ ಸ್ವಭಾವದ ಮಕ್ಕಳಿಗೆ ಇದು ದೊಡ್ಡ ಉಪಕಾರ.

ಆದರೆ ಇಲ್ಲಿಯೇ ಒಂದು ಎಚ್ಚರಿಕೆಯ ಮಾತಿದೆ. 1984ರಲ್ಲಿ ಸಾಲ್ಮೋನಿ, ಶ್ಮಿಟ್ ಮತ್ತು ವಾಲ್ಟರ್ ಎಂಬ ವಿದ್ವಾಂಸರು ಕೈಕಾಲುಗಳ ಕಲಿಕೆಯ ಬಗ್ಗೆ ಆವರೆಗೆ ನಡೆದ ಅಧ್ಯಯನಗಳನ್ನು ಪರಿಶೀಲಿಸಿದರು. ಪ್ರತಿ ಹೆಜ್ಜೆಗೂ ಸರಿ-ತಪ್ಪು ಹೇಳುತ್ತಾ ಹೋದರೆ ಅಭ್ಯಾಸದ ಹೊತ್ತಿನಲ್ಲಿ ಕೆಲಸ ಚೆನ್ನಾಗಿಯೇ ಕಾಣುತ್ತದೆ; ಆ ಆಸರೆ ತೆಗೆದಾಗ ಮಾತ್ರ ಕೈ ತಡವರಿಸುತ್ತದೆ ಎಂಬುದು ಅವರು ಎತ್ತಿ ತೋರಿಸಿದ ಅಂಶ. ಕಲಿಯುವವನು ಸೂಚನೆಗೆ ಒಗ್ಗಿಬಿಡುತ್ತಾನೆ, ತನ್ನ ತಪ್ಪನ್ನು ತಾನೇ ಗುರುತಿಸುವುದನ್ನು ಕಲಿಯುವುದಿಲ್ಲ. ಸೈಕಲ್ ಕಲಿಸುವ ಅಣ್ಣ ಹಿಂದಿನಿಂದ ಹಿಡಿದ ಕೈಯನ್ನು ಎಂದೂ ಬಿಡದಿದ್ದರೆ ತಮ್ಮ ಸೈಕಲ್ ಕಲಿತಾನೇ?

ಇನ್ನೊಂದು ಸಂಗತಿ. ಪರದೆಯ ಕಿಡಿಗೆ ಬಿಸಿಯಿಲ್ಲ, ಹೊಗೆಯಿಲ್ಲ. ಹಡಗಿನ ಇಕ್ಕಟ್ಟಾದ ಮೂಲೆಯಲ್ಲಿ, ಮೇ ತಿಂಗಳ ಸೆಕೆಯಲ್ಲಿ, ತಲೆಯ ಮೇಲಿನ ಹಾಳೆಯನ್ನು ಬೆಸೆಯುವಾಗ ತೋಳು ಸೋಲುತ್ತದೆ. ಅಲ್ಲಿ ಹೇಗೆ ನಿಲ್ಲಬೇಕು, ಯಾವಾಗ ಉಸಿರು ತೆಗೆದುಕೊಳ್ಳಬೇಕು ಎಂದು ಹೇಳಿಕೊಡಲು ಅನುಭವಿ ಮೇಸ್ತ್ರಿಯೇ ಬೇಕು. ಆ ಬೆಸುಗೆ ಬಿಟ್ಟುಕೊಂಡರೆ ಅಪಾಯ ಹಡಗಿನಲ್ಲಿರುವವರಿಗೆ. ಹಾಗಾಗಿ ಪರದೆಯ ಅಂಕವೊಂದನ್ನೇ ನಂಬಿ ಯಾರನ್ನೂ ಕೆಲಸಕ್ಕೆ ಇಳಿಸಲಾಗದು.

ನಿಮ್ಮ ಮನೆಯಲ್ಲಿ, ನೆರೆಹೊರೆಯಲ್ಲಿ ಇಂಥ ತರಬೇತಿಗೆ ಹೊರಟ ಮಕ್ಕಳಿರಬಹುದು. ಐಟಿಐಯಲ್ಲಿ ವೆಲ್ಡರ್ ಕೋರ್ಸು ಒಂದು ವರ್ಷದ್ದು. ಎಂಟನೆಯ ತರಗತಿ ಪಾಸಾದವರೂ ಸೇರಬಹುದು. ಖಾಸಗಿ ಕೇಂದ್ರಗಳು ಹೊಸ ಯಂತ್ರವನ್ನು ತೋರಿಸಿ ಇನ್ನೂ ಬೇಗ ಕಲಿಸುತ್ತೇವೆ ಎಂದರೆ, ಹಣ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ. ನಿಜವಾದ ಲೋಹದ ಮೇಲೆ ಎಷ್ಟು ದಿನದ ಅಭ್ಯಾಸ? ಸೂಚನೆಗಳನ್ನು ನಿಲ್ಲಿಸಿ ಪರೀಕ್ಷೆ ಮಾಡುತ್ತೀರಾ? ಕಲಿಸುವ ಮೇಷ್ಟ್ರು ಯಾರು, ಅವರು ಹುಡುಗನಿಗೆ ತಿಳಿಯುವ ಭಾಷೆಯಲ್ಲಿ ಮಾತಾಡುತ್ತಾರಾ? ಕನ್ನಡವೋ ಮರಾಠಿಯೋ ಹಿಂದಿಯೋ, ಅವನಿಗೆ ಅರ್ಥವಾಗದ ಸೂಚನೆ ಎಷ್ಟು ಮಿನುಗಿದರೂ ವ್ಯರ್ಥವೇ.

ಯಂತ್ರವನ್ನು ದೂರ ತಳ್ಳಬೇಕಿಲ್ಲ. ಮೊದಲ ದಿನಗಳ ಭಯ ಬಿಡಿಸಲು, ಕೈ ತಿದ್ದಲು ಅದು ಒಳ್ಳೆಯ ಜೊತೆಗಾರ. ಕನ್ನಡಕ ತೆಗೆದ ಮೇಲೆ ಹುಡುಗ ಒಬ್ಬನೇ ಆ ಕೆಲಸವನ್ನು ಮಾಡಿ ತೋರಿಸಲಿ. ಅಂದು ವಿದ್ಯೆ ಬಂತೆಂದು ತಿಳಿಯೋಣ.