ಟಿ.ವಿ. ತೋರಿಸುವ 'ಅವರು', ನಮ್ಮ ಮನೆಯ ನಾವು

(ಕಾಪುವಿನಲ್ಲಿ ಸ್ವಸಹಾಯ ಗುಂಪುಗಳ ಸದಸ್ಯೆಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಉಡುಪಿ, ಮಣಿಪಾಲ, ಕಾರ್ಕಳದಿಂದ ಬಸ್ಸು ಹಿಡಿದು ಬಂದಿದ್ದೀರಿ. ಸಂಜೆ ಹೋಗಿ ಅಡುಗೆ ಮಾಡಬೇಕು, ಧಾರಾವಾಹಿಯನ್ನೂ ನೋಡಬೇಕು. ನಗಬೇಡಿ, ನಾನೂ ನೋಡುತ್ತೇನೆ. ಆ ಟಿ.ವಿ.ಯ ಬಗ್ಗೆಯೇ ಇವತ್ತು ನಾಲ್ಕು ಮಾತು. ನಮ್ಮದಲ್ಲದ ಧರ್ಮದ ಹೆಂಗಸನ್ನು ಅದು ನಮಗೆ ಹೇಗೆ ತೋರಿಸುತ್ತದೆ? ವರದಕ್ಷಿಣೆ ಮತ್ತು ಹೊಡೆತದ ವಿರುದ್ಧ ನಾವು ನಡೆಸುವ ಹೋರಾಟಕ್ಕೆ ಅದರಿಂದ ಏನಾಗುತ್ತದೆ?

ಮೊದಲು ದೂರದ ಒಂದು ಉದಾಹರಣೆ ಹೇಳುತ್ತೇನೆ. ಅಮೆರಿಕದಲ್ಲಿ ಮಾರ್ಮನ್ನರು ಎಂಬ ಕ್ರೈಸ್ತ ಪಂಗಡವಿದೆ, 1830ರಲ್ಲಿ ಹುಟ್ಟಿದ್ದು. ಒಂದು ಕಾಲಕ್ಕೆ ಅವರಲ್ಲಿ ಬಹುಪತ್ನಿತ್ವ ಇತ್ತು. 1890ರಲ್ಲಿ ಅವರ ಚರ್ಚು ಅದನ್ನು ಬಿಡುವುದಾಗಿ ಸಾರಿತು. ಅದಾಗಿ ನೂರು ವರ್ಷದ ಮೇಲೆ, 2006ರಿಂದ 2011ರವರೆಗೆ, ಅಲ್ಲಿನ ಟಿ.ವಿ.ಯಲ್ಲಿ 'ಬಿಗ್ ಲವ್' ಎಂಬ ಧಾರಾವಾಹಿ ಬಂತು. ಒಬ್ಬ ಗಂಡ, ಮೂವರು ಹೆಂಡಿರ ಕತೆ. ಧಾರಾವಾಹಿಯ ಆ ಮನೆಯವರು ಮುಖ್ಯ ಚರ್ಚಿನವರಲ್ಲ. ಆದರೆ ನೋಡಿದವರಿಗೆ ಆ ವ್ಯತ್ಯಾಸ ಎಲ್ಲಿ ನೆನಪಿರುತ್ತದೆ? ಮಾರ್ಮನ್ ಎಂದರೆ ಮೂರು ಹೆಂಡಿರು ಎಂಬುದಷ್ಟೇ ಉಳಿಯುತ್ತದೆ. ಇನ್ನೊಂದು ಮಾತನ್ನೂ ಸೇರಿಸಬೇಕು. ಚರ್ಚಿನಿಂದ ಸಿಡಿದುಹೋದ ಸಣ್ಣ ಗುಂಪುಗಳಲ್ಲಿ ಹೆಣ್ಣುಮಕ್ಕಳ ಮೇಲೆ ದೌರ್ಜನ್ಯ ನಡೆದದ್ದೂ ನಿಜ. ಅಂಥ ಒಂದು ಗುಂಪಿನ ಮುಖಂಡನಿಗೆ 2011ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಇಡೀ ಸಮುದಾಯಕ್ಕೆ ಹಣೆಪಟ್ಟಿ ಹಚ್ಚುವುದು ತಪ್ಪು. ಹಣೆಪಟ್ಟಿಗೆ ಹೆದರಿ ಒಳಗಿನ ನೋವನ್ನು ಮುಚ್ಚುವುದೂ ತಪ್ಪು. ಈ ಎರಡನ್ನೂ ಒಟ್ಟಿಗೆ ನೆನಪಿಡುವುದು ಕಷ್ಟ. ಆದರೆ ನಾವು ಕಲಿಯಬೇಕಾದದ್ದು ಅದೇ.

ಈಗ ನಮ್ಮೂರಿಗೆ ಬರೋಣ. 2021ರ ಕೊನೆಯಲ್ಲಿ ಉಡುಪಿಯ ಸರಕಾರಿ ಹೆಣ್ಣುಮಕ್ಕಳ ಪದವಿಪೂರ್ವ ಕಾಲೇಜಿನಲ್ಲಿ ಹಿಜಾಬಿನ ವಿವಾದ ಎದ್ದದ್ದು ನಿಮಗೆಲ್ಲ ಗೊತ್ತು. 2022ರ ಮಾರ್ಚ್ 15ರಂದು ಹೈಕೋರ್ಟು ಸರಕಾರದ ಆದೇಶವನ್ನು ಎತ್ತಿಹಿಡಿಯಿತು. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಹಿಜಾಬು ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಇಲ್ಲಿ ಬಂದಿಲ್ಲ. ನಿಮ್ಮಲ್ಲೇ ಎರಡೂ ಅಭಿಪ್ರಾಯದವರಿದ್ದೀರಿ. ನಾನು ಕೇಳುವುದು ಬೇರೆ. ಅಷ್ಟು ದಿನ ಕ್ಯಾಮೆರಾಗಳು ಕಾಲೇಜಿನ ಗೇಟಿನ ಹತ್ತಿರ ನಿಂತವಲ್ಲ, ಆ ಹುಡುಗಿಯರ ತಲೆಯ ಮೇಲಿನ ಬಟ್ಟೆಯನ್ನು ಬಿಟ್ಟು ಅವರ ಬಗ್ಗೆ ನಮಗೆ ತಿಳಿದದ್ದೇನು? ಓದಿ ಏನಾಗಬೇಕೆಂದಿದ್ದರು? ಮನೆಯಲ್ಲಿ ಮದುವೆಯ ಮಾತು ಎತ್ತಿದ್ದರೇ? ಒಂದು ಹಿಂದಿ ಸುದ್ದಿವಾಹಿನಿಯಂತೂ ಹಿಜಾಬಿನ ಪರ ನಿಂತವರನ್ನು ಭಯೋತ್ಪಾದಕರ ಜತೆ ಸೇರಿಸಿ ಚರ್ಚೆ ನಡೆಸಿತು. ವಾಹಿನಿಗಳವರದೇ ಆದ ಮಾನದಂಡ ಪ್ರಾಧಿಕಾರ 2022ರ ಅಕ್ಟೋಬರಿನಲ್ಲಿ ಅದಕ್ಕೆ 50,000 ರೂಪಾಯಿ ದಂಡ ಹಾಕಿತು. ದಂಡದ ಸುದ್ದಿ ಎಷ್ಟು ಮನೆಗೆ ತಲುಪಿತೋ! ಚರ್ಚೆ ಮಾತ್ರ ಎಲ್ಲರ ಮನೆಗೂ ಬಂದಿತ್ತು.

ಬೇರೆಯವರನ್ನು ದೂರುವ ಮೊದಲು ನನ್ನದೇ ತಪ್ಪನ್ನು ಹೇಳಬೇಕು. ನಾನು ಕಾರ್ಕಳದ ಕಡೆ ಪಾಠ ಮಾಡುತ್ತಿದ್ದಾಗ ಬಿ.ಎ. ಕೊನೆಯ ವರ್ಷದಲ್ಲಿ ಒಬ್ಬಳು ಬ್ಯಾರಿ ಹುಡುಗಿ ಇದ್ದಳು. ಬುರ್ಖಾ ಹಾಕಿ ಬರುತ್ತಿದ್ದಳು. ಜಾಣೆ. ಒಂದು ದಿನ ಬರುವುದನ್ನು ನಿಲ್ಲಿಸಿದಳು. "ಅವರಲ್ಲಿ ಹಾಗೆಯೇ, ಹೆಣ್ಣುಮಕ್ಕಳನ್ನು ಓದಿಸುವುದಿಲ್ಲ" ಎಂದು ಅಧ್ಯಾಪಕರ ಕೊಠಡಿಯಲ್ಲಿ ಯಾರೋ ಹೇಳಿದರು. ನಾನೂ ಹೌದೆಂದೆ. ಯಾರೂ ಅವಳ ಮನೆಗೆ ಹೋಗಿ ವಿಚಾರಿಸಲಿಲ್ಲ. ಎಷ್ಟೋ ವರ್ಷದ ನಂತರ ಇದೇ ಕಾಪುವಿನ ಬಸ್ ಸ್ಟ್ಯಾಂಡಿನಲ್ಲಿ ಅವಳೇ ಬಂದು ಮಾತಾಡಿಸಿದಳು. ಕೇಳಿದೆ. ಅವಳು ಹೇಳಿದಳು: "ಬುರ್ಖಾ ನನ್ನನ್ನು ನಿಲ್ಲಿಸಲಿಲ್ಲ ಮೇಡಂ. ಅಕ್ಕನ ಚಿನ್ನ ನಿಲ್ಲಿಸಿತು. ನಲವತ್ತು ಪವನು ಕೇಳಿದ್ದರು. ಬಾಪ ಸಾಲ ಮಾಡಿದರು. ನನ್ನ ಫೀಸಿಗೆ ಉಳಿಯಲಿಲ್ಲ. ನಾನು ಬೀಡಿ ಕಟ್ಟಲಿಕ್ಕೆ ಕೂತೆ."

ನಾನು ತಲೆ ತಗ್ಗಿಸಿದೆ. ಆ ಹುಡುಗಿಯ ಓದನ್ನು ಕಸಿದದ್ದು ವರದಕ್ಷಿಣೆ. ನಾನು ದೂರಿದ್ದು ಅವಳ ಧರ್ಮವನ್ನು. ಇಸ್ಲಾಮಿನ ನಿಯಮದಂತೆ ಮಹರ್ ಎಂಬುದು ಗಂಡು ಹೆಣ್ಣಿಗೆ ಕೊಡಬೇಕಾದದ್ದು. ಕೊಡುವ ಕೈಯೇ ತಿರುಗಿ ಬೇಡುವ ಕೈಯಾದದ್ದು ಧರ್ಮದಿಂದಲ್ಲ, ನಮ್ಮೆಲ್ಲರ ಮದುವೆಯ ಮಾರುಕಟ್ಟೆಯಿಂದ. ನಮ್ಮದು ಅಳಿಯಕಟ್ಟಿನ ನಾಡು. ಇಲ್ಲಿ ಅನೇಕ ಸಮುದಾಯಗಳಲ್ಲಿ ಆಸ್ತಿ ತಾಯಿಯ ಸಂತತಿಯಲ್ಲಿ ಇಳಿಯುತ್ತಿತ್ತು. ಅಲ್ಲಿಗೂ ವರದಕ್ಷಿಣೆ ನುಗ್ಗಲಿಲ್ಲವೇ? ಕೊಂಕಣಿ ಕ್ರೈಸ್ತರಲ್ಲಿ ಅದಕ್ಕೆ 'ದೋತ್' ಎನ್ನುತ್ತಾರೆ. ಕೆಲವರು 'ವರೋಪಚಾರ' ಎಂದು ನಯವಾಗಿ ಹೇಳುತ್ತಾರೆ. ಹೆಸರು ಬೇರೆ ಬೇರೆ, ಹೆಣ್ಣಿನ ಅಪ್ಪನ ಸಾಲ ಒಂದೇ.

ಇನ್ನೊಂದು ಘಟನೆ ಮಣಿಪಾಲದ್ದು. ಗಂಡ ಹೆಂಡತಿ ಇಬ್ಬರೂ ಓದಿದವರು, ನಮ್ಮ ಹಾಗೆಯೇ ಹಬ್ಬ ಮಾಡುವವರು. ಆಕೆಯ ಮೊಣಕೈ ಮೇಲೆ ನೀಲಿ ಗುರುತು ಕಂಡೆ. "ಬಾಗಿಲು ತಾಗಿತು" ಎಂದಳು. ನಾನು ನಂಬಿದೆ. ಎರಡನೆಯ ಸಲವೂ ನಂಬಿದೆ. ಅಂಥ ಮನೆಯಲ್ಲಿ ಹೊಡೆತ ಇರುತ್ತದೆಂದು ನನಗೆ ಯಾರೂ ತೋರಿಸಿರಲಿಲ್ಲ. ಧಾರಾವಾಹಿಯ ದೊಡ್ಡ ಮನೆಯಲ್ಲಿ ದುಷ್ಟತನ ಮಾಡುವವಳು ಅತ್ತೆ ಅಥವಾ ನಾದಿನಿ. ಗಂಡ ಹೊಡೆದರೂ ಅದು ತಪ್ಪು ತಿಳುವಳಿಕೆಯಿಂದ, ಕೊನೆಗೆ ಕಣ್ಣೀರಲ್ಲಿ ಮುಗಿಯುತ್ತದೆ. ಆ ಮನೆಯಲ್ಲಿ ಮುಸ್ಲಿಂ ಹೆಂಗಸು ಕಾಣುವುದೇ ಅಪರೂಪ. ನಮ್ಮ ಹಳೆಯ ಸಿನಿಮಾಗಳಲ್ಲಿ ಕ್ರೈಸ್ತ ಹುಡುಗಿ ಎಂದರೆ ಗಿಡ್ಡ ಲಂಗ, ಕೈಯಲ್ಲಿ ಗ್ಲಾಸು. ನಮ್ಮ ಅತ್ತೂರು ಜಾತ್ರೆಗೆ ಮೊಂಬತ್ತಿ ಹಿಡಿದು ನಡೆಯುವ, ಗದ್ದೆಯಲ್ಲಿ ನೇಜಿ ನೆಡುವ ಕ್ರೈಸ್ತ ಹೆಂಗಸರನ್ನು ನಾವು ಪರದೆಯ ಮೇಲೆ ಎಷ್ಟು ಕಂಡಿದ್ದೇವೆ?

ಹೀಗೆ ಹೆಂಗಸರಿಗೆ ಎರಡು ಕಡೆಯಿಂದ ಪೆಟ್ಟು. 'ಅವರ' ಮನೆಯ ಹೆಂಗಸು ಪೆಟ್ಟು ತಿಂದರೂ ಹೊರಗೆ ಹೇಳುವುದಿಲ್ಲ, "ಹೇಳಿದರೆ ನಮ್ಮ ಜಾತಿಯನ್ನೇ ಬಯ್ಯುತ್ತಾರೆ" ಎಂಬ ಹೆದರಿಕೆ. 'ನಮ್ಮ' ಮನೆಯ ಹೆಂಗಸು ಹೇಳಿದರೂ ಯಾರೂ ನಂಬುವುದಿಲ್ಲ, "ನಮ್ಮಲ್ಲಿ ಅಂಥದ್ದೆಲ್ಲ ಇಲ್ಲ" ಎಂಬ ಹೆಮ್ಮೆ. ಹೊಡೆಯುವವನಿಗೆ ಎರಡೂ ಕಡೆ ಲಾಭ.

ಬಹುಪತ್ನಿತ್ವದ ಮಾತನ್ನೇ ನೋಡಿ. ಅದು ಮುಸ್ಲಿಮರದ್ದು ಮಾತ್ರ ಎಂದು ತಿಳಿದಿದ್ದೇವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಗೆ ಇನ್ನೊಬ್ಬ ಹೆಂಡತಿ ಇದ್ದಾಳೆಂದು ಹೇಳಿದ ಮುಸ್ಲಿಂ ಮಹಿಳೆಯರು ನೂರಕ್ಕೆ 1.9, ಹಿಂದೂ ಮಹಿಳೆಯರು 1.3. ಹಿಂದೂಗಳಿಗೆ 1955ರಿಂದಲೇ ಕಾನೂನಿನ ನಿಷೇಧ ಇದ್ದೂ ಹೀಗೆ. ಕಾನೂನು ಬೇಡವೆಂದು ನಾನು ಹೇಳುತ್ತಿಲ್ಲ. 'ಚಿಕ್ಕಮನೆ' ಎಂಬ ಮಾತು ಯಾವ ಭಾಷೆಯದು ಎಂದು ಮಾತ್ರ ಕೇಳುತ್ತಿದ್ದೇನೆ.

ಹಾಗಾದರೆ ಪರದೆಯ ಮೇಲೆ ಬರುವುದೆಲ್ಲ ಸುಳ್ಳೇ? ಅಲ್ಲ. ನಮ್ಮ ಕರಾವಳಿಯಲ್ಲೇ ತೆಗೆದ 'ಗುಲಾಬಿ ಟಾಕೀಸ್' ಎಂಬ 2008ರ ಚಿತ್ರವನ್ನು ಸಿಕ್ಕಿದರೆ ಗುಂಪಾಗಿ ನೋಡಿ. ಕುಂದಾಪುರದಲ್ಲಿ ಹುಟ್ಟಿದ ವೈದೇಹಿಯವರ ಕತೆ, ಗಿರೀಶ ಕಾಸರವಳ್ಳಿಯವರ ನಿರ್ದೇಶನ. ಗುಲಾಬಿಯ ಪಾತ್ರಕ್ಕೆ ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ಬಂತು. ಕತೆಯಲ್ಲಿ ಊರಿಗೆ ಬರುವುದು ಟಾಕೀಸು, ಸಿನಿಮಾದಲ್ಲಿ ಬರುವುದು ಟಿ.ವಿ. ಗುಲಾಬಿ ಮೀನುಗಾರರ ನಡುವೆ ಒಬ್ಬಳೇ ಇರುವ ಮುಸ್ಲಿಂ ಸೂಲಗಿತ್ತಿ. ಗಂಡ ಅವಳನ್ನು ಬಿಟ್ಟು ಇನ್ನೊಬ್ಬಳ ಜತೆ ಸಂಸಾರ ಮಾಡಿದ್ದಾನೆ. ಹೆರಿಗೆ ಮಾಡಿಸಿದ್ದಕ್ಕೆ ಅವಳಿಗೆ ಬಣ್ಣದ ಟಿ.ವಿ. ಉಡುಗೊರೆ ಸಿಗುತ್ತದೆ. ಅಕ್ಕಪಕ್ಕದ ಹೆಂಗಸರು ಅವಳ ಗುಡಿಸಲಿಗೆ ಬಂದು ಕೂರುತ್ತಾರೆ. ಆಮೇಲೆ 1999ರ ಕಾರ್ಗಿಲ್ ಯುದ್ಧದ ದಿನಗಳು. ದೋಣಿಯ ಜಗಳಕ್ಕೂ ಧರ್ಮದ ಬಣ್ಣ ಬರುತ್ತದೆ. ನಿನ್ನೆ ಅವಳ ಮನೆಯಲ್ಲಿ ಕೂತು ಟಿ.ವಿ. ನೋಡಿದ ಊರಿಗೆ ಇವತ್ತು ಅವಳು ಬೇಡವಾಗುತ್ತಾಳೆ. ಬಿಟ್ಟುಹೋದ ಗಂಡನ ತಪ್ಪನ್ನು ಚಿತ್ರ ಮುಚ್ಚುವುದಿಲ್ಲ, ಓಡಿಸಿದ ಊರಿನ ತಪ್ಪನ್ನೂ ಮುಚ್ಚುವುದಿಲ್ಲ.

ಹಾಗೆಯೇ 2004ರ 'ಹಸೀನಾ'. ಗಂಡ ಬಿಟ್ಟ ಹೆಂಗಸೊಬ್ಬಳು ಮಸೀದಿಯ ಮುಂದೆ ನ್ಯಾಯ ಕೇಳುವ ಕತೆ. ಬರೆದವರು ಹಾಸನದ ಬಾನು ಮುಷ್ತಾಕ್, ಸ್ವತಃ ವಕೀಲರು. ಮಹಿಳೆಯರಿಗೆ ಮಸೀದಿ ಪ್ರವೇಶ ಬೇಕೆಂದದ್ದಕ್ಕೆ 2000ದಲ್ಲಿ ಬಹಿಷ್ಕಾರ ಎದುರಿಸಿದವರು. 2025ರಲ್ಲಿ ಅವರಿಗೂ ಅನುವಾದಕಿ ದೀಪಾ ಭಾಸ್ತಿಯವರಿಗೂ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಅವರಿಗಿಂತ ಮೊದಲೇ ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ 'ಚಂದ್ರಗಿರಿಯ ತೀರದಲ್ಲಿ' ಬರೆದು ತಲಾಖಿನ ನೋವನ್ನು ಹೇಳಿದ್ದರು. 2023ರಲ್ಲಿ ಅವರು ತೀರಿಕೊಂಡರು. ಇವರು ತಮ್ಮ ಮನೆಯ ನೋವನ್ನು ತಾವೇ ಹೇಳಿದವರು. ಹೊರಗಿನವರು ಬಯ್ಯುವುದಕ್ಕೂ ಒಳಗಿನವಳು ಅಳುವುದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ.

ಈಗ ನಿಮ್ಮ ಗುಂಪಿನ ಪುಸ್ತಕವನ್ನು ತೆರೆಯಿರಿ. ಸಾಲದ ಉದ್ದೇಶ ಎಂಬ ಕಡೆ 'ಮನೆ ದುರಸ್ತಿ', 'ಹಸು ಖರೀದಿ' ಎಂದು ಬರೆದಿದೆಯಲ್ಲ, ಅದರಲ್ಲಿ ಎಷ್ಟು ಮಗಳ ಚಿನ್ನಕ್ಕೆ ಹೋಗಿದೆ? ಅವಳ ಹೆಸರು ಫಾತಿಮಾ ಇರಲಿ, ಸುಮತಿ ಇರಲಿ, ಲಿಲ್ಲಿ ಇರಲಿ, ವಾರದ ಕಂತು ಕಟ್ಟುವುದು ನೀವೇ. ಟಿ.ವಿ.ಗೆ ಗೊತ್ತಿಲ್ಲದ ಸತ್ಯ ನಿಮ್ಮ ಆ ಪುಸ್ತಕಕ್ಕೆ ಗೊತ್ತಿದೆ.

ಕಾನೂನು ಕೂಡ ಧರ್ಮ ಕೇಳುವುದಿಲ್ಲ. 1961ರ ವರದಕ್ಷಿಣೆ ನಿಷೇಧ ಕಾಯಿದೆ ಎಲ್ಲರಿಗೂ ಒಂದೇ. ಮಹರ್ ಅನ್ನು ಅದು ವರದಕ್ಷಿಣೆ ಎಂದು ಎಣಿಸುವುದಿಲ್ಲ, ಅಷ್ಟೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯಲ್ಲಿ ಯಾವ ಧರ್ಮದ ಹೆಂಗಸೂ ರಕ್ಷಣೆ, ಇರಲು ಮನೆ, ಜೀವನಾಂಶ ಕೇಳಬಹುದು. ಗಂಡನ ಮನೆಯವರ ಕ್ರೌರ್ಯಕ್ಕೆ ಹಿಂದೆ ಇದ್ದ 498-ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮಾಗಿದೆ. ಮಹಿಳಾ ಸಹಾಯವಾಣಿ 181, ಅಪಾಯ ಎದುರಿಗಿದ್ದರೆ 112. ಈ ಎರಡು ಸಂಖ್ಯೆಗಳನ್ನು ಗುಂಪಿನ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.

ಕೊನೆಗೆ ನನ್ನ ಕೋರಿಕೆ ಇಷ್ಟೇ. ಟಿ.ವಿ. ನೋಡಬೇಡಿ ಎನ್ನುವುದಿಲ್ಲ. ತೆರೆಯ ಮೇಲೆ ಬೇರೆ ಧರ್ಮದ ಹೆಂಗಸು ಬಂದಾಗ, ನಿಮ್ಮ ಗುಂಪಿನಲ್ಲಿ ಅದೇ ಧರ್ಮದ ಗೆಳತಿ ಇದ್ದರೆ ಮರುದಿನ ಅವಳನ್ನೇ ಕೇಳಿ: "ಇದು ಹೌದಾ ಮಾರಾಯ್ತಿ?" ಅವಳು ನಗಬಹುದು, ಬಯ್ಯಬಹುದು, ಒಮ್ಮೊಮ್ಮೆ ಅಳಬಹುದು. ಇನ್ನು ಯಾರ ಮೈಮೇಲಾದರೂ ಗುರುತು ಕಂಡರೆ, ಅವಳು ಬುರ್ಖಾದೊಳಗಿರಲಿ, ರೇಷ್ಮೆ ಸೀರೆಯಲ್ಲಿರಲಿ, ಒಂದೇ ರೀತಿ ಕೇಳಿ. ಎರಡನೆಯ ಸಲವೂ ಕೇಳಿ. ನಾನು ಕೇಳದೆ ಬಿಟ್ಟವರು ಇಬ್ಬರಿದ್ದಾರೆ. ನಿಮ್ಮ ಲೆಕ್ಕದಲ್ಲಿ ಅಂಥವರು ಇರಬಾರದು.