ಮೂಗಿನ ‘ಎಲುಬು ಬೆಳೆದಿದೆ’ ಎಂದರೇನು?
(ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಆರೋಗ್ಯ ಭಾಷಣ)



ಸದಾ ಮೂಗು ಕಟ್ಟಿಕೊಂಡವರನ್ನು ಕಂಡರೆ ಇಲ್ಲಿಯ ಮರಾಠಿ ನೆರೆಯವರು ‘ನಾಕಾಚೆ ಹಾಡ್ ವಾಢಲೆ’, ಅಂದರೆ ಮೂಗಿನ ಎಲುಬು ಬೆಳೆದಿದೆ ಎನ್ನುವರು. ನಮ್ಮವರು ‘ದುರ್ಮಾಂಸ ಬೆಳೆದಿದೆ’ ಎನ್ನುವರು. ಅನೇಕ ವೇಳೆ ಇವೆರಡೂ ಸರಿಯಲ್ಲ. ಆದರೆ ಆ ಹೆಸರಿಗೆ ಹೆದರಿ ಕೆಲವರು ಆಪರೇಶನ್ನಿಗೆಂದು ಸಾಲ ಹುಡುಕುವರು; ಕೆಲವರು ಅಂಗಡಿಯ ಹನಿಮದ್ದನ್ನು ವರ್ಷಗಟ್ಟಲೆ ಹಾಕಿಕೊಳ್ಳುವರು. ಆದುದರಿಂದ ನಿಜ ಸಂಗತಿಯನ್ನು ಅರಿಯುವುದು ಅಗತ್ಯ.

ಮೂಗಿನ ಎರಡೂ ಬದಿಯ ಒಳಗೋಡೆಯಲ್ಲಿ ಮೂರು ಮೂರು ಸುರುಳಿಗಳಿವೆ. ವೈದ್ಯರು ಇವನ್ನು ಟರ್ಬಿನೇಟ್ ಎನ್ನುವರು. ನಡುವೆ ತೆಳುವಾದ ಎಲುಬು, ಮೇಲೆ ರಕ್ತನಾಳಗಳು ತುಂಬಿದ ಮೆತ್ತನೆಯ ಪೊರೆ. ಉಸಿರನ್ನು ಬೆಚ್ಚಗೆ ಮಾಡಿ, ತೇವಗೊಳಿಸಿ, ಧೂಳನ್ನು ಹಿಡಿಯುವುದು ಇವುಗಳ ಕೆಲಸ. ಕೆಳಗಿನ ಸುರುಳಿಯೇ ದೊಡ್ಡದು. ಅದರ ಪೊರೆ ಊದಿದಾಗ ಮೂಗು ಕಟ್ಟುವುದು.

ಆರೋಗ್ಯವಂತರಲ್ಲಿಯೂ ಕೆಲವು ಗಂಟೆಗಳಿಗೊಮ್ಮೆ ಒಂದು ಬದಿ ಹಿಗ್ಗಿ ಇನ್ನೊಂದು ಕುಗ್ಗುವುದುಂಟು. ಯೋಗಿಗಳು ಸೂರ್ಯನಾಡಿ, ಚಂದ್ರನಾಡಿ ಎಂದು ಉಸಿರಿನ ಈ ಬದಲಾವಣೆಯನ್ನು ಗಮನಿಸಿದ್ದರು. 1895ರಲ್ಲಿ ಕೈಸರ್ ಎಂಬ ಜರ್ಮನ್ ವೈದ್ಯನು ಇದನ್ನು ವೈದ್ಯಶಾಸ್ತ್ರದಲ್ಲಿ ವಿವರಿಸಿದನು. ಆದುದರಿಂದ ಹೊಳ್ಳೆಗಳು ಸರದಿಯಂತೆ ಕಟ್ಟಿದರೆ ಗಾಬರಿ ಬೇಡ. ವಾರಗಟ್ಟಲೆ ಎರಡೂ ಕಟ್ಟಿ, ಬಾಯಿ ತೆರೆದು ನಿದ್ರಿಸುವಂತಾದರೆ ಮಾತ್ರ ವೈದ್ಯರಿಗೆ ತೋರಿಸಬೇಕು.

ಇದಕ್ಕೆ ಕಾರಣಗಳು ಹಲವು. ಮುಖ್ಯವಾದುದು ಅಲರ್ಜಿ: ಹಾಸಿಗೆಯ ಧೂಳಿನಲ್ಲಿರುವ ಸೂಕ್ಷ್ಮ ಹುಳು, ಜಿರಲೆ, ಮಳೆಗಾಲದಲ್ಲಿ ಚಾಳಿನ ಗೋಡೆಗೆ ಹಿಡಿಯುವ ಬೂಷ್ಟು. ಡೊಂಬಿವಲಿ, ತಳೋಜೆಯ ಕಾರ್ಖಾನೆಗಳ ರಾಸಾಯನಿಕ ಹೊಗೆ, ಹೋಟೆಲಿನ ಒಗ್ಗರಣೆಯ ಘಾಟು, ಬೀಡಿ, ಸೊಳ್ಳೆಬತ್ತಿ ಇವೂ ಪೊರೆಯನ್ನು ಕೆರಳಿಸುವುವು. ಮೂಗಿನ ನಡುಗೋಡೆ ಒಂದು ಕಡೆಗೆ ಬಾಗಿದ್ದರೆ ಇನ್ನೊಂದು ಕಡೆಯ ಸುರುಳಿ ಬೆಳೆದು ಜಾಗ ತುಂಬುವುದು.

ನಾವೇ ತಂದುಕೊಳ್ಳುವ ಕಾರಣವೂ ಒಂದಿದೆ. ಆಕ್ಸಿಮೆಟಜೋಲಿನ್, ಜೈಲೋಮೆಟಜೋಲಿನ್ ಹನಿಗಳು ಕ್ಷಣದಲ್ಲಿ ಮೂಗು ಬಿಡಿಸುವುವು. ಮೂರರಿಂದ ಐದು ದಿನಕ್ಕಿಂತ ಹೆಚ್ಚು ಬಳಸಿದರೆ ಅದೇ ಹನಿ ಮೂಗನ್ನು ಕಟ್ಟಿಸತೊಡಗುವುದು. ಮತ್ತೆ ಹನಿ, ಮತ್ತೆ ಕಟ್ಟು. ಸೀಸೆಯ ಮೇಲಿನ ಹೆಸರನ್ನು ಓದಿ ನೋಡಿರಿ.

ಚಿಕಿತ್ಸೆ ಸುಲಭವಾದುದರಿಂದ ಮೊದಲಾಗಲಿ. ಕುದಿಸಿ ಆರಿಸಿದ ನೀರಿನಲ್ಲಿ ಉಪ್ಪು ಬೆರೆಸಿ ಮೂಗು ತೊಳೆಯುವುದು ಹಿತ. ದಿಂಬು, ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಬೇಕು. ವೈದ್ಯರು ಬರೆದುಕೊಡುವ ಸ್ಟೆರಾಯ್ಡ್ ಸ್ಪ್ರೇಗೆ ಅಂಜಬೇಕಾಗಿಲ್ಲ. ಅದು ರಕ್ತಕ್ಕೆ ಸೇರುವುದು ಅತ್ಯಲ್ಪ. ಆದರೆ ಪೂರ್ಣ ಗುಣ ಕಾಣಲು ಎರಡು ವಾರ ಬೇಕಾದೀತು. ನಾಲ್ಕು ದಿನಕ್ಕೆ ಬಿಟ್ಟರೆ ಹಣ ವ್ಯರ್ಥ. ಅಲರ್ಜಿಯ ಕೆಲವು ಗುಳಿಗೆಗಳು ತೂಕಡಿಕೆ ತರುವುವು. ಯಂತ್ರದ ಮುಂದೆ ನಿಲ್ಲುವವರು, ವಾಹನ ನಡೆಸುವವರು ವೈದ್ಯರಿಗೆ ತಮ್ಮ ಕೆಲಸವನ್ನು ಮೊದಲೇ ತಿಳಿಸಬೇಕು.

ಕೆಲವು ತಿಂಗಳು ಕ್ರಮವಾಗಿ ಔಷಧಿ ಮಾಡಿದರೂ ಫಲವಿಲ್ಲದಿದ್ದರೆ ಶಸ್ತ್ರಕ್ರಿಯೆಯ ಮಾತು. ಈಗ ಸುರುಳಿಯನ್ನು ಒಳಗಿನಿಂದ ಕುಗ್ಗಿಸುವ ವಿಧಾನಗಳಿವೆ. ಪೂರ್ತಿ ಕತ್ತರಿಸಿ ತೆಗೆದರೆ ಮೂಗು ಒಣಗಿ, ಹಕ್ಕಳೆ ಕಟ್ಟಿ, ದಾರಿ ತೆರೆದಿದ್ದರೂ ಉಸಿರು ಸಾಲದೆಂಬ ಬಾಧೆ ಉಳಿಯಬಹುದು. ‘ಎಷ್ಟು ತೆಗೆಯುವಿರಿ, ಎಷ್ಟು ಉಳಿಸುವಿರಿ?’ ಎಂದು ಕೇಳಲು ಸಂಕೋಚಪಡಬೇಡಿರಿ. ಕಳವಾದಲ್ಲಿ ಠಾಣೆ ನಗರಪಾಲಿಕೆಯ, ವಾಶಿಯಲ್ಲಿ ನವಿ ಮುಂಬಯಿ ನಗರಪಾಲಿಕೆಯ ಆಸ್ಪತ್ರೆಗಳಿವೆ. ಇ.ಎಸ್.ಐ. ಕಾರ್ಡು ಉಳ್ಳವರು ಅದನ್ನು ಉಪಯೋಗಿಸಿಕೊಳ್ಳಲಿ.

ಒಂದೇ ಹೊಳ್ಳೆ ಸದಾ ಕಟ್ಟಿ ರಕ್ತ ಬಂದರೆ, ಮುಖ ಊದಿದರೆ, ದೃಷ್ಟಿ ಮಂದವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಉಳಿದವರಿಗೆ ತಾಳ್ಮೆಯೇ ಅರ್ಧ ಮದ್ದು. ಮೂಗಿಗಿಂತ ಮೂಗುತಿ ಭಾರವಾಗದಿರಲಿ.