ಕರಾರೂ ಕರಾರುಭಂಗವೂ

ಕೂಲಿ ಕೊಟ್ಟು ಕೆಲಸ ಮಾಡಿಸಿಕೊಳ್ಳುವವರೆಲ್ಲರೂ, ತಿಳಿದೋ ತಿಳಿಯದೆಯೋ, ಕರಾರು ಮಾಡಿಕೊಂಡವರೇ. ಛಾಪಾ ಕಾಗದವೂ ಸಾಕ್ಷಿಗಳ ರುಜುವೂ ಇದ್ದರೆ ಮಾತ್ರ ಕರಾರೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ; ಅದು ಸರಿಯಲ್ಲ. 1872ನೆಯ ಇಸವಿಯ ಇಂಡಿಯನ್ ಕಂಟ್ರಾಕ್ಟ್ ಆಕ್ಟಿನ ಪ್ರಕಾರ, ಅರ್ಹರಾದ ಇಬ್ಬರಲ್ಲಿ ಒಬ್ಬನ ಸೂಚನೆ, ಇನ್ನೊಬ್ಬನ ಒಪ್ಪಿಗೆ, ಅದಕ್ಕೆ ತಕ್ಕ ಪ್ರತಿಫಲ, ಇವು ನ್ಯಾಯವಾದ ಉದ್ದೇಶಕ್ಕಾಗಿ ಕೂಡಿಬಂದರೆ, ಬಾಯಿಮಾತೂ ಸಾಮಾನ್ಯವಾಗಿ ಕರಾರೇ. ಕರಾರು ಆಯಿತೇ ಇಲ್ಲವೇ ಎಂಬುದಕ್ಕಿಂತಲೂ ತೊಡಕಾದ ಪ್ರಶ್ನೆ ಇನ್ನೊಂದಿದೆ: ಅದು ಮುರಿದಾಗ ಎಷ್ಟು ನಷ್ಟವನ್ನು ಕೇಳಬಹುದು?

ಈ ಪ್ರಶ್ನೆಯನ್ನು ಬಿಡಿಸಿದ್ದು ಇಂಗ್ಲೆಂಡಿನ ಒಂದು ಹಿಟ್ಟಿನ ಗಿರಣಿ. 1853ನೆಯ ಇಸವಿಯ ಮೇ ತಿಂಗಳಲ್ಲಿ ಗ್ಲಾಸ್ಟರ್ ಪಟ್ಟಣದ ಹ್ಯಾಡ್ಲಿಯವರ ಗಿರಣಿಯಲ್ಲಿ ಆವಿಯ ಎಂಜಿನ್ನಿನ ಇರುಸು ಮುರಿಯಿತು, ಗಿರಣಿ ನಿಂತಿತು. ಮುರಿದುದನ್ನು ಗ್ರೀನಿಚ್ಚಿನ ಕಾರ್ಖಾನೆಗೆ ಕಳುಹಿಸಿ, ಅದೇ ಮಾದರಿಯಲ್ಲಿ ಹೊಸದನ್ನು ಮಾಡಿಸಬೇಕಾಗಿತ್ತು. ಸಾಗಾಣಿಕೆಯ ಕಚೇರಿಯಲ್ಲಿ ವಿಚಾರಿಸಲು, ಮಧ್ಯಾಹ್ನ 12 ಗಂಟೆಯೊಳಗೆ ತಂದೊಪ್ಪಿಸಿದರೆ ಮರುದಿನವೇ ಮುಟ್ಟಿಸುವೆವೆಂದು ಹೇಳಿದರು. ಇರುಸನ್ನು ಹೊತ್ತಿಗೆ ಸರಿಯಾಗಿ ಒಪ್ಪಿಸಿ, 2 ಪೌಂಡು 4 ಷಿಲಿಂಗು ಸಾಗಣೆಯ ಕೂಲಿಯನ್ನೂ ಕೊಟ್ಟದ್ದಾಯಿತು. ಆದರೆ ಸಾಗಿಸುವವರ ಅಲಕ್ಷ್ಯದಿಂದ ಅದು ತಡವಾಗಿ ಮುಟ್ಟಿತು. ಹೊಸ ಇರುಸು ಬರುವುದೂ ಹಲವು ದಿನ ತಡವಾಯಿತು. ಅಷ್ಟು ದಿನವೂ ಗಿರಣಿಗೆ ಲಾಭವಿಲ್ಲ.

ಕರಾರು ಮುರಿದುದರಲ್ಲಿ ಸಂಶಯವಿರಲಿಲ್ಲ. ಪ್ರತಿವಾದಿಗಳು ಕೋರ್ಟಿಗೆ ಕಟ್ಟಿದ್ದ 25 ಪೌಂಡಿನ ಮೇಲೆ ಜ್ಯೂರಿಯವರು ಇನ್ನೂ 25 ಪೌಂಡು ಕೊಡಿಸಿದರು. 1854ರಲ್ಲಿ ಎಕ್ಸ್‌ಚೆಕರ್ ನ್ಯಾಯಾಲಯವು ಇದನ್ನು ಒಪ್ಪದೆ ಮರುವಿಚಾರಣೆಗೆ ಆಜ್ಞಾಪಿಸಿತು. ನ್ಯಾಯಾಧೀಶ ಆಲ್ಡರ್ಸನ್ನರ ವಾದಸರಣಿ ಸೊಗಸಾದುದು. ಕರಾರುಭಂಗದಿಂದ ಸಹಜವಾಗಿ ಹುಟ್ಟುವ ನಷ್ಟಕ್ಕೆ ಪರಿಹಾರವುಂಟು, ಕರಾರಿನ ಕಾಲದಲ್ಲಿ ಉಭಯರ ಮನಸ್ಸಿನಲ್ಲಿಯೂ ಇದ್ದಿರಬಹುದಾದ ನಷ್ಟಕ್ಕೂ ಉಂಟು, ಅದರಾಚೆಗೆ ಇಲ್ಲ. ಮುರಿದ ಇರುಸನ್ನು ಕಳುಹಿಸಿದ ಮಾತ್ರಕ್ಕೆ ಗಿರಣಿ ನಿಂತಿರಲೇಬೇಕೆ? ಮತ್ತೊಂದು ಇರುಸು ಅವರ ಬಳಿ ಇದ್ದಿರಬಹುದು; ಬೇರೆ ಯಂತ್ರವೇ ಕೆಟ್ಟಿರಬಹುದು. ಸಾಗಿಸುವವನಿಗೆ ಇದನ್ನು ಹೇಳಿದವರಾರು?

ಇಲ್ಲೊಂದು ವಿನೋದವಿದೆ. ಗಿರಣಿ ನಿಂತಿದೆಯೆಂದು ಗುಮಾಸ್ತನಿಗೆ ತಿಳಿಸಲಾಗಿತ್ತೆಂದು ಅಚ್ಚಾದ ವರದಿಯ ತಲೆಬರಹದ ಸಾರಾಂಶವು ಹೇಳುತ್ತದೆ. ತೀರ್ಪಾದರೋ ಹಾಗೆ ತಿಳಿಸಿರಲಿಲ್ಲವೆಂಬ ಆಧಾರದ ಮೇಲೆಯೇ ನಿಂತಿದೆ. 1949ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವೇ ಆ ಸಾರಾಂಶವು ದಾರಿ ತಪ್ಪಿಸುವಂಥದೆಂದು ಹೇಳಬೇಕಾಯಿತು.

ನಮ್ಮ ಆಕ್ಟಿನ 73ನೆಯ ಪ್ರಕರಣದಲ್ಲಿ ಇದೇ ನಿಯಮವಿದೆ. ಅದರ ಒಂದು ದೃಷ್ಟಾಂತದಲ್ಲಿ ಗಿರಣಿಯವನು, ಯಂತ್ರವಿಲ್ಲದೆ ಗಿರಣಿ ನಿಂತಿದೆಯೆಂದು ಸಾಗಿಸುವವನಿಗೆ ಮೊದಲೇ ತಿಳಿಸುತ್ತಾನೆ. ತಡವಾದ ದಿನಗಳ ಸರಾಸರಿ ಲಾಭ ಅವನಿಗೆ ದೊರೆಯುತ್ತದೆ. ಆ ತಡದಿಂದ ಕೈತಪ್ಪಿದ ಸರ್ಕಾರದ ಕಂಟ್ರಾಕ್ಟಿನ ನಷ್ಟ ಮಾತ್ರ ದೊರೆಯುವುದಿಲ್ಲ.

ಲಗ್ನಪತ್ರಿಕೆಯನ್ನು ಅಚ್ಚಿಗೆ ಕೊಡುವವರಿಗೂ ಇದು ಅನ್ವಯಿಸುತ್ತದೆ. ಇಂತಹ ದಿನದೊಳಗೆ ಬೇಕೆಂದು ಮುಂಗಡ ಕೊಡುವಾಗಲೇ ತಿಳಿಸಿರಬೇಕು. ಮುದ್ರಣಾಲಯದವರು ಕೈಕೊಟ್ಟರೆ ಸುಮ್ಮನೆ ಕುಳಿತು ನಷ್ಟವನ್ನು ಬೆಳೆಯಗೊಡುವುದೂ ಸಲ್ಲದು. ನಷ್ಟವನ್ನು ಎಣಿಸುವಾಗ, ಅದನ್ನು ತಪ್ಪಿಸಿಕೊಳ್ಳಲು ಇದ್ದ ದಾರಿಗಳನ್ನೂ ಗಮನಿಸಬೇಕೆಂದು ಅದೇ ಪ್ರಕರಣ ವಿಧಿಸಿದೆ. ಬೇರೊಂದು ಮುದ್ರಣಾಲಯದಲ್ಲಿ ಹೆಚ್ಚು ಹಣ ತೆತ್ತು ಅಚ್ಚು ಹಾಕಿಸಿದರೆ, ಆ ಹೆಚ್ಚಿನ ಹಣವನ್ನು ಮೊದಲಿನವರಿಂದ ಕೇಳಬಹುದು.